ಶನಿಯ ಪಕ್ಕದ ಚುಕ್ಕೆ ಫೀಬಿಯೇ? 12 ಇಂಚಿನ ದೂರದರ್ಶಕ ಕೊಳ್ಳುವ ಮುನ್ನ

ಓದುಗರ ಪ್ರಶ್ನೆ

ನಮಸ್ಕಾರ ಸರ್. ಚಿತ್ರದುರ್ಗ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಶಾಲೆಯಲ್ಲಿ 8 ಇಂಚಿನ ಕನ್ನಡಿಯ ಡಾಬ್ಸೋನಿಯನ್ (ಕೈಯಿಂದ ತಿರುಗಿಸುವ ಸರಳ ಪೀಠದ) ದೂರದರ್ಶಕವಿದೆ. ಕಳೆದ ಸಲ ಶನಿ ಚೆನ್ನಾಗಿ ಕಾಣುತ್ತಿದ್ದಾಗ ಮಕ್ಕಳು ಅದರ ಪಶ್ಚಿಮಕ್ಕೆ, ಉಂಗುರದ ಅಗಲದ ಹತ್ತು ಹನ್ನೆರಡು ಪಟ್ಟು ದೂರದಲ್ಲಿ ಒಂದು ಮಸುಕು ಚುಕ್ಕೆ ಗುರುತಿಸಿದರು. ಮೂರು ರಾತ್ರಿ ನೋಡಿದರೂ ಅದು ಶನಿಯ ಜೊತೆಯಲ್ಲೇ ಇತ್ತು. ಶನಿಯ ಅತಿ ದೊಡ್ಡ ಚಂದ್ರ ಟೈಟನ್ ಬೇರೆ ಕಡೆ ಇದ್ದುದರಿಂದ ಅದಲ್ಲ. ಒಂದೂವರೆ ತಿಂಗಳ ಮೇಲೆ ಮತ್ತೆ ಹುಡುಕಿದರೆ ಚುಕ್ಕೆ ಇಲ್ಲ. ಶನಿಯಿಂದ ದೂರ ಸುತ್ತುವ ಚಿಕ್ಕ ಚಂದ್ರ ಅಂದರೆ ಫೀಬಿಯೇ ಇರಬೇಕೆಂದು ಮಕ್ಕಳು ನೋಟ್‌ಬುಕ್ಕಿನಲ್ಲಿ ಬರೆದಿದ್ದಾರೆ. ಅದು ನಿಜವೇ? ಹಳೆಯ ವಿದ್ಯಾರ್ಥಿಗಳು 12 ಇಂಚಿನ ಡಾಬ್ಸೋನಿಯನ್ ಕೊಡಿಸಲು ಮುಂದೆ ಬಂದಿದ್ದಾರೆ. ಅದರಲ್ಲಾದರೂ ಫೀಬಿ ಖಚಿತವಾಗಿ ಕಾಣುತ್ತದೆಯೇ? ಫೀಬಿ ಎಂದರೆ ಶನಿ ಕದ್ದ ಧೂಮಕೇತು, ಅದು ಹಿಂದುಮುಂದಾಗಿ ಸುತ್ತುತ್ತದೆ, ಒಂದು ದಿನ ಶನಿಯ ಮೇಲೆ ಬೀಳುತ್ತದೆ ಎಂದು ಒಂದು ವಿಡಿಯೊದಲ್ಲಿ ಕೇಳಿದೆವು. ಶನಿ ವಕ್ರಿಯಾಗುವುದಕ್ಕೂ ಇದಕ್ಕೂ ಸಂಬಂಧ ಇದೆಯೇ ಎಂದು ಪೋಷಕರೊಬ್ಬರು ಕೇಳಿದರು. ಏನು ಹೇಳಲಿ?

ಉತ್ತರ

ನಮಸ್ಕಾರ ಮೇಷ್ಟ್ರೇ. ನೀವು ಕೇಳಿರುವುದು ಹಲವು, ಆದರೆ ತುರ್ತಿನದು ಒಂದೇ. ಫೀಬಿಗೋಸ್ಕರ ಬೇರೆಯವರ ದುಡ್ಡಿನಲ್ಲಿ ದೊಡ್ಡ ದೂರದರ್ಶಕ ತರಿಸಿ, ಅದರಲ್ಲೂ ಕಾಣದೆ ಹೋದರೆ ಹೇಗೆ ಎಂಬ ಅಳುಕು ನಿಮಗಿದೆ. ಆ ಅಳುಕು ಸರಿಯಾದದ್ದೇ. 12 ಇಂಚಿನ ಡಾಬ್ಸೋನಿಯನ್‌ನಲ್ಲಿ ಕಣ್ಣಿಟ್ಟು ನೋಡಿದರೆ ಫೀಬಿ ಕಾಣುವುದಿಲ್ಲ. ಅದರ ಅರ್ಧದಷ್ಟು, ಅಂದರೆ 6 ಇಂಚಿನ ದೂರದರ್ಶಕವನ್ನು ಆಕಾಶದ ಜೊತೆ ತಿರುಗುವ ಮೌಂಟಿನ (ಪೀಠದ) ಮೇಲೆ ಕೂರಿಸಿ ಕ್ಯಾಮೆರಾ ಜೋಡಿಸಿದರೆ ಸಿಗುತ್ತದೆ. ಹಳೆಯ ವಿದ್ಯಾರ್ಥಿಗಳ ಹಣ ಹೋಗಬೇಕಾದ್ದು ಅಲ್ಲಿಗೆ.

ಮಕ್ಕಳು ಕಂಡದ್ದು ಫೀಬಿ ಅಲ್ಲ, ಶನಿಯ ಇನ್ನೊಂದು ಚಂದ್ರ ಐಯಾಪೆಟಸ್. ನೀವು ಕೊಟ್ಟ ವಿವರಗಳೆಲ್ಲ ಅದಕ್ಕೇ ಹೊಂದುತ್ತವೆ. ಐಯಾಪೆಟಸ್ ಶನಿಯಿಂದ ಸುಮಾರು 35.6 ಲಕ್ಷ ಕಿ.ಮೀ. ದೂರದಲ್ಲಿ ಸುತ್ತುತ್ತದೆ. ಭೂಮಿಯಿಂದ ನೋಡಿದಾಗ ಅದು ಶನಿಯಿಂದ ಹೆಚ್ಚೆಂದರೆ ಒಂಬತ್ತೂವರೆ ಆರ್ಕ್‌ಮಿನಿಟ್ (ಡಿಗ್ರಿಯ 60ನೇ ಒಂದು ಪಾಲು ಒಂದು ಆರ್ಕ್‌ಮಿನಿಟ್) ಸರಿಯುತ್ತದೆ. ಉಂಗುರದ ಅಗಲ ಮುಕ್ಕಾಲು ಆರ್ಕ್‌ಮಿನಿಟ್ ಇರುವುದರಿಂದ ನಿಮ್ಮ ಹತ್ತು ಹನ್ನೆರಡು ಪಟ್ಟಿನ ಅಂದಾಜು ಚೆನ್ನಾಗಿ ಕೂಡುತ್ತದೆ. ಚುಕ್ಕೆ ಪಶ್ಚಿಮಕ್ಕೆ ಇತ್ತು ಎಂದಿರಿ, ಒಂದೂವರೆ ತಿಂಗಳಾದ ಮೇಲೆ ಕಾಣೆಯಾಯಿತು ಎಂದಿರಿ. ಐಯಾಪೆಟಸ್ ಒಂದು ಸುತ್ತು ಮುಗಿಸಲು 79 ದಿನ ಬೇಕು. ಅರ್ಧ ಸುತ್ತಿನಲ್ಲಿ, ಅಂದರೆ 40 ದಿನದಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಬರುತ್ತದೆ. ಪಶ್ಚಿಮದಲ್ಲಿದ್ದಾಗ ಅದರ ಕಾಂತಿಮಾನ (ಹೊಳಪಿನ ಅಳತೆ, ಅಂಕಿ ಹೆಚ್ಚಾದಷ್ಟೂ ಮಸುಕು) 10.2ರ ಹತ್ತಿರ, ಪೂರ್ವದಲ್ಲಿ 12ಕ್ಕೆ ಇಳಿಯುತ್ತದೆ. ಐದರಲ್ಲಿ ಒಂದು ಪಾಲು ಬೆಳಕು ಉಳಿಯುತ್ತದೆ ಅಷ್ಟೇ. ಬೆಳದಿಂಗಳೋ ತೆಳು ಮೋಡವೋ ಇದ್ದರೆ 8 ಇಂಚಿನಲ್ಲಿ ಅದನ್ನು ಗುರುತಿಸುವುದು ಕಷ್ಟ. ಇದನ್ನು ಮೊದಲು ಗಮನಿಸಿದವರು ಜೊವಾನ್ನಿ ಕಸ್ಸಿನಿ. 1671ರಲ್ಲಿ ಐಯಾಪೆಟಸ್ ಕಂಡುಹಿಡಿದ ಅವರಿಗೆ ಅದು ಶನಿಯ ಪಶ್ಚಿಮದಲ್ಲಷ್ಟೇ ಕಾಣುತ್ತಿತ್ತು. ಪೂರ್ವದಲ್ಲಿ ಅದನ್ನು ಹಿಡಿಯಲು ಇನ್ನೂ ಉತ್ತಮ ದೂರದರ್ಶಕ ಕೈಗೆ ಬರಬೇಕಾಯಿತು, ಅಷ್ಟರಲ್ಲಿ 1705 ಆಗಿತ್ತು. ಐಯಾಪೆಟಸ್‌ನ ಒಂದು ಮುಖ ಕಪ್ಪು, ಇನ್ನೊಂದು ಬಿಳುಪು ಎಂದು ಅವರು ಊಹಿಸಿದ್ದು ಸರಿಯಾಗಿತ್ತು. ನಿಮ್ಮ ಮಕ್ಕಳು ಅದೇ ಮರೆಯಾಟವನ್ನು ತಾವಾಗಿಯೇ ಹಿಡಿದಿದ್ದಾರೆ. ಹೆಸರು ತಪ್ಪಿದೆ, ನೋಟ ತಪ್ಪಿಲ್ಲ. ಅದನ್ನು ಅವರಿಗೆ ದಯವಿಟ್ಟು ಹೇಳಿ.

ಐಯಾಪೆಟಸ್‌ನ ಆ ಕಪ್ಪು ಮುಖಕ್ಕೂ ಫೀಬಿಗೂ ಸಂಬಂಧವಿದೆ. ಫೀಬಿಯನ್ನು ನೋಡಲಾಗದ 8 ಇಂಚಿನ ದೂರದರ್ಶಕದಲ್ಲೂ ಫೀಬಿ ಮಾಡಿದ ಕೆಲಸ ಕಾಣುತ್ತದೆ. ಅದಕ್ಕೆ ಮುಂದೆ ಬರುತ್ತೇನೆ, ಮೊದಲು ಫೀಬಿ ಎಲ್ಲಿದೆ, ಎಷ್ಟು ಮಸುಕು ಎಂಬುದನ್ನು ನೋಡೋಣ.

ಫೀಬಿಯ ಸರಾಸರಿ ವ್ಯಾಸ 213 ಕಿ.ಮೀ. ಮೇಲ್ಮೈ ಕಪ್ಪು, ಬಿದ್ದ ಬೆಳಕಿನಲ್ಲಿ ನೂರಕ್ಕೆ ಎಂಟರಷ್ಟನ್ನು ಮಾತ್ರ ಹಿಂತಿರುಗಿಸುತ್ತದೆ. ಶನಿಯಿಂದ ಅದರ ಸರಾಸರಿ ದೂರ ಸುಮಾರು 1.295 ಕೋಟಿ ಕಿ.ಮೀ., ಐಯಾಪೆಟಸ್‌ಗಿಂತ ಮೂರೂವರೆ ಪಟ್ಟು ಹೆಚ್ಚು. ಒಂದು ಸುತ್ತಿಗೆ 550 ದಿನ. ಶನಿ ನಮಗೆ ಹತ್ತಿರವಿರುವಾಗಲೂ ಫೀಬಿಯ ಕಾಂತಿಮಾನ 16.4ರ ಆಸುಪಾಸು, ಆಗ ಅದು ಶನಿಯಿಂದ 35 ಆರ್ಕ್‌ಮಿನಿಟ್‌ನಷ್ಟು ಆಚೆ ಇರಬಹುದು. ಹುಣ್ಣಿಮೆ ಚಂದ್ರನ ಬಿಂಬ 30 ಆರ್ಕ್‌ಮಿನಿಟ್. ಅಂದರೆ ಶನಿಗೂ ಫೀಬಿಗೂ ನಡುವೆ ಒಂದಿಡೀ ಚಂದ್ರಬಿಂಬ ಹಿಡಿಸುತ್ತದೆ. ಉಂಗುರದ ಅಕ್ಕಪಕ್ಕದಲ್ಲಿ ಹುಡುಕುವವರಿಗೆ ಅದು ಸಿಗದಿರುವುದಕ್ಕೆ ಇದೂ ಒಂದು ಕಾರಣ.

ಈಗ ಗಾಜಿನ ಲೆಕ್ಕ. ಕತ್ತಲೆಯ ಊರಿನಲ್ಲಿ, ಪಳಗಿದ ಕಣ್ಣಿಗೆ, 8 ಇಂಚಿನ ದೂರದರ್ಶಕದ ಮಿತಿ ಕಾಂತಿಮಾನ 14. ಫೀಬಿ ಅದಕ್ಕಿಂತ 2.4ರಷ್ಟು ಮಸುಕು, ಅಂದರೆ 9 ಪಟ್ಟು ಹೆಚ್ಚು ಬೆಳಕು ಬೇಕು. 8ರಿಂದ 12 ಇಂಚಿಗೆ ಹೋದರೆ ಸಿಗುವುದು 2.25 ಪಟ್ಟು ಬೆಳಕು, ಕಾಂತಿಮಾನದಲ್ಲಿ 0.9. ಮಿತಿ 15ರ ಹತ್ತಿರ ನಿಲ್ಲುತ್ತದೆ. ಕಣ್ಣಿನಿಂದಲೇ ಫೀಬಿಯನ್ನು ನೋಡಬೇಕಾದರೆ 20ರಿಂದ 24 ಇಂಚಿನ ಕನ್ನಡಿ, ಒಳ್ಳೆಯ ಕತ್ತಲೆ, ಚುಕ್ಕೆಯ ನಿಖರ ಸ್ಥಾನದ ನಕ್ಷೆ ಮೂರೂ ಬೇಕು. ಶಾಲೆಯೊಂದು ಅದರ ಹಿಂದೆ ಬೀಳುವುದು ಬೇಡ. 12 ಇಂಚು ಬೇರೆ ಕೆಲಸಗಳಿಗೆ ಬಹಳ ಒಳ್ಳೆಯದು. ನೀಹಾರಿಕೆ, ಗೋಳಗುಚ್ಛ, ಗ್ಯಾಲಕ್ಸಿಗಳನ್ನು ಊರವರಿಗೆ ತೋರಿಸಬೇಕೆಂದಿದ್ದರೆ ಧಾರಾಳವಾಗಿ ಕೊಳ್ಳಿ. ಅದರಲ್ಲೇ ಇಂಥದೊಂದು ದೂರದ ಚಂದ್ರನನ್ನು ನೋಡಲೇಬೇಕೆಂಬ ಹಟವಿದ್ದರೆ ಗುರುವಿನ ಹಿಮಾಲಿಯಾಗೆ ಪ್ರಯತ್ನಿಸಬಹುದು. 1904ರಲ್ಲಿ ಲಿಕ್ ವೀಕ್ಷಣಾಲಯದಲ್ಲಿ ಚಾರ್ಲ್ಸ್ ಪೆರ‍್ರಿನ್ ಪತ್ತೆ ಮಾಡಿದ ಅದು ಗುರು ಅತಿ ಹತ್ತಿರ ಬಂದಾಗ 14.6ರವರೆಗೆ ಏರುತ್ತದೆ. ಅದೂ 12 ಇಂಚಿಗೆ ಅಂಚಿನ ಮಾತು, ಮಕ್ಕಳ ಗುಂಪಿಗೆ ತೋರಿಸುವಂಥದ್ದಲ್ಲ.

ಕದ್ದದ್ದು ನಿಜವೇ, ಬೀಳುವುದು ನಿಜವೇ

ಪೋಷಕರ ಪ್ರಶ್ನೆಯಿಂದ ಶುರು ಮಾಡುತ್ತೇನೆ, ಅದು ಸುಲಭ. ಶನಿ ವಕ್ರಿಯಾಗುವುದು ಭೂಮಿಯ ಓಟದಿಂದ ಕಾಣುವ ನೋಟ. ನಾವು ಒಳಗಿನ ಕಕ್ಷೆಯಲ್ಲಿ ವೇಗವಾಗಿ ಸಾಗಿ ಶನಿಯನ್ನು ಹಿಂದೆ ಹಾಕುವಾಗ, ಪ್ರತಿ ವರ್ಷ ಸುಮಾರು ನಾಲ್ಕೂವರೆ ತಿಂಗಳು, ಅದು ನಕ್ಷತ್ರಗಳ ನಡುವೆ ಪಶ್ಚಿಮಕ್ಕೆ ಜಾರಿದಂತೆ ತೋರುತ್ತದೆ. ಶನಿ ತಾನು ಸುತ್ತುವ ದಿಕ್ಕನ್ನು ಎಂದೂ ಬದಲಿಸುವುದಿಲ್ಲ. ಫೀಬಿಯದು ನೋಟದ ಮಾತಲ್ಲ, ಅದು ನಿಜಕ್ಕೂ ವಿರುದ್ಧ ದಿಕ್ಕಿನಲ್ಲಿ ಸುತ್ತುತ್ತದೆ. ಶನಿ ತನ್ನ ಅಕ್ಷದ ಮೇಲೆ ತಿರುಗುವ ದಿಕ್ಕಿಗೆ, ಟೈಟನ್ ಮತ್ತು ಐಯಾಪೆಟಸ್ ಸುತ್ತುವ ದಿಕ್ಕಿಗೆ ಎದುರಾಗಿ, ವರ್ಷವಿಡೀ, ಕೋಟ್ಯಂತರ ವರ್ಷಗಳಿಂದ. ಎರಡಕ್ಕೂ ಸಂಬಂಧವಿಲ್ಲ.

ಈ ಎದುರು ದಿಕ್ಕೇ ಫೀಬಿ ಹೊರಗಿನಿಂದ ಬಂದದ್ದು ಎನ್ನುವುದಕ್ಕೆ ದೊಡ್ಡ ಸಾಕ್ಷಿ. ಶನಿ ಹುಟ್ಟುವಾಗ ಅದರ ಸುತ್ತ ತಿರುಗುತ್ತಿದ್ದ ಅನಿಲ ಮತ್ತು ಧೂಳಿನ ತಟ್ಟೆಯಿಂದ ರೂಪುಗೊಂಡ ಚಂದ್ರಗಳು ಆ ತಟ್ಟೆಯ ದಿಕ್ಕಿನಲ್ಲೇ, ಅದರ ಸಮತಲದಲ್ಲೇ, ಹೆಚ್ಚುಕಡಿಮೆ ವೃತ್ತಾಕಾರದಲ್ಲಿ ಸುತ್ತುತ್ತವೆ. ಫೀಬಿ ಈ ಮೂರನ್ನೂ ಪಾಲಿಸುವುದಿಲ್ಲ. ಇಂಥವನ್ನು ಅನಿಯಮಿತ ಉಪಗ್ರಹಗಳು ಎನ್ನುವುದು ಕಕ್ಷೆಯನ್ನು ನೋಡಿ, ಆಕಾರವನ್ನು ನೋಡಿ ಅಲ್ಲ. ಫೀಬಿಯ ಆಕಾರ ಬಹುಮಟ್ಟಿಗೆ ಗುಂಡಗೇ ಇದೆ.

ವಿಡಿಯೊದವರು ಬಿಟ್ಟಿರುವ ಮುಖ್ಯ ಸಂಗತಿಯೆಂದರೆ, ಒಂದು ಗ್ರಹ ದಾರಿಹೋಕ ಕಾಯವನ್ನು ಸುಮ್ಮನೆ ಸೆಳೆದು ಇಟ್ಟುಕೊಳ್ಳಲಾರದು. ಹೊರಗಿನಿಂದ ಬಂದ ಕಾಯ ಶನಿಯ ಕಡೆಗೆ ಬೀಳುತ್ತಾ ಎಷ್ಟು ವೇಗ ಗಳಿಸುತ್ತದೋ ಅಷ್ಟೇ ವೇಗದಲ್ಲಿ ಹೊರಗೆ ಹೋಗುತ್ತದೆ. ಅದು ಉಳಿಯಬೇಕಾದರೆ ಶಕ್ತಿಯನ್ನು ಎಲ್ಲಾದರೂ ಕಳೆದುಕೊಳ್ಳಬೇಕು. ಇದಕ್ಕೆ ವಿಜ್ಞಾನಿಗಳು ಮುಂದಿಡುವ ದಾರಿಗಳು ಮೂರು. ಎಳೆಯ ಶನಿಯ ಸುತ್ತಲಿನ ಅನಿಲದ ತಡೆ, ಜೋಡಿಯಾಗಿ ಬಂದ ಎರಡು ಕಾಯಗಳಲ್ಲಿ ಒಂದು ಶಕ್ತಿಯನ್ನು ಹೊತ್ತುಕೊಂಡು ಹಾರಿಹೋಗಿ ಇನ್ನೊಂದು ಉಳಿಯುವುದು, ಸೌರವ್ಯೂಹದ ಆರಂಭದಲ್ಲಿ ದೈತ್ಯ ಗ್ರಹಗಳು ಒಂದರ ಹತ್ತಿರ ಒಂದು ಹಾದುಹೋದಾಗ ಅವುಗಳ ಸೆಳೆತದ ಗೊಂದಲದಲ್ಲಿ ಕಾಯಗಳು ಸಿಕ್ಕಿಬೀಳುವುದು. ಮೂರನೆಯದನ್ನು 2007ರಲ್ಲಿ ಡೇವಿಡ್ ನೆಸ್ವೋರ್ನಿ ಮತ್ತು ಸಂಗಡಿಗರು ಗಣಕದ ಲೆಕ್ಕದಲ್ಲಿ ತೋರಿಸಿದರು, ಇಂದು ಹೆಚ್ಚು ಒಲವು ಅದರ ಕಡೆಗೆ. ಯಾವ ದಾರಿಯಾದರೂ ಅದು ನಡೆದದ್ದು ಬಹು ಹಿಂದೆ. ಈಗ ಹಿಡಿಸಿಕೊಳ್ಳುವ ಅನಿಲವೂ ಇಲ್ಲ, ಆ ಗೊಂದಲವೂ ಇಲ್ಲ.

ಹಾಗಾದರೆ ಅದು ಧೂಮಕೇತುವೇ? ಧೂಮಕೇತುಗಳು ಹುಟ್ಟುವ ನೆರೆಹೊರೆಯಿಂದ ಬಂದದ್ದು ಎನ್ನಬಹುದು, ಬಾಲ ಬಿಡುವ ಧೂಮಕೇತು ಎಂದಲ್ಲ. ಸಾಮಾನ್ಯ ಧೂಮಕೇತುವಿನ ಗಟ್ಟಿಭಾಗ ಕೆಲವೇ ಕಿ.ಮೀ., ನೀರಿಗಿಂತ ಹಗುರ. ಫೀಬಿಯ ಸಾಂದ್ರತೆ ಘನ ಸೆಂ.ಮೀ.ಗೆ 1.64 ಗ್ರಾಂ, ಅಂದರೆ ಮಂಜುಗಡ್ಡೆಯ ಜೊತೆ ಸಾಕಷ್ಟು ಕಲ್ಲೂ ಇದೆ. ಈ ಅಂಕಿ ದೊರೆತದ್ದು ಶನಿಯ ಅಧ್ಯಯನಕ್ಕೆ ಹೋದ ಕ್ಯಾಸಿನಿ ನೌಕೆಯಿಂದ. 2004ರ ಜೂನ್ 11ರಂದು, ಶನಿಯ ಕಕ್ಷೆ ಸೇರುವ ಮೂರು ವಾರಕ್ಕೂ ಕಡಿಮೆ ಮುಂಚೆ, ಅದು ಫೀಬಿಯಿಂದ 2,068 ಕಿ.ಮೀ. ದೂರದಲ್ಲಿ ಹಾದುಹೋಯಿತು. ಶನಿಯನ್ನು ಸೇರಿದ ಮೇಲೆ ಅಷ್ಟು ಹೊರಗೆ ಮತ್ತೆ ಹೋಗುವಂತಿರಲಿಲ್ಲ, ಇದ್ದದ್ದು ಆ ಒಂದೇ ಅವಕಾಶ. ಸಿಕ್ಕ ಚಿತ್ರಗಳಲ್ಲಿ ಕುಳಿಗಳ ಗೋಡೆಯಿಂದ ಜಾರಿದ ಕಪ್ಪು ಪದರದಡಿ ಬಿಳಿ ಮಂಜು ಇಣುಕುತ್ತದೆ, ಇಂಗಾಲದ ಡೈಆಕ್ಸೈಡ್ ಮಂಜೂ ಪತ್ತೆಯಾಯಿತು. ನೆಪ್ಚೂನಿನಾಚೆಯ ಕಾಯಗಳನ್ನು ಹೋಲುವ ಗುಣಗಳಿವು. ಆದರೂ ಅದು ಹುಟ್ಟಿದ ಜಾಗ ಇಂಥದ್ದೇ ಎಂದು ಇನ್ನೂ ತೀರ್ಮಾನವಾಗಿಲ್ಲ, ಬೇರೆ ವಾದಗಳನ್ನು ಮುಂದಿಡುವ ವಿಜ್ಞಾನಿಗಳಿದ್ದಾರೆ. ತರಗತಿಯಲ್ಲಿ ಹೊರಗಿನಿಂದ ಸೆರೆ ಸಿಕ್ಕ ಕಾಯ ಎಂದಷ್ಟೇ ಹೇಳಿ, ಅದು ಗಟ್ಟಿ ಮಾತು.

ಶನಿಯ ಮೇಲೆ ಬೀಳುವ ಭಯ ಬೇಡ. ಎದುರು ದಿಕ್ಕಿನಲ್ಲಿ ಸುತ್ತುವ ಚಂದ್ರ ನಿಧಾನವಾಗಿ ಒಳಗೆ ಇಳಿಯುತ್ತದೆ ಎಂಬುದು ನೆಪ್ಚೂನಿನ ಟ್ರೈಟನ್ ವಿಷಯದಲ್ಲಿ ನಿಜ. ಅದು ದೊಡ್ಡದು, ಗ್ರಹಕ್ಕೆ ಹತ್ತಿರ, ಹಾಗಾಗಿ ಉಬ್ಬರದ ಬಲ ಕೆಲಸ ಮಾಡುತ್ತದೆ. ವಿಡಿಯೊದವರು ಅಲ್ಲಿಯ ಮಾತನ್ನು ಇಲ್ಲಿಗೆ ತಂದಂತಿದೆ. ಫೀಬಿ ಶನಿಯ ತ್ರಿಜ್ಯದ 215 ಪಟ್ಟು ದೂರದಲ್ಲಿದೆ, ಅಲ್ಲಿ ಉಬ್ಬರದ ಬಲ ಇಲ್ಲವೆನ್ನುವಷ್ಟು ಕಡಿಮೆ. ಇನ್ನು ಸೂರ್ಯ ಅದನ್ನು ಕಿತ್ತುಕೊಂಡುಹೋಗಬಹುದೇ? ಶನಿಯ ಹಿಡಿತದ ವಲಯ ಸುಮಾರು 6.5 ಕೋಟಿ ಕಿ.ಮೀ.ವರೆಗೆ ಚಾಚಿದೆ, ಫೀಬಿ ಇರುವುದು ಅದರ ಐದನೇ ಒಂದು ಭಾಗದಷ್ಟು ದೂರದಲ್ಲಿ ಮಾತ್ರ. ಅಲ್ಲದೆ ಎದುರು ದಿಕ್ಕಿನ ಕಕ್ಷೆಗಳು ನೇರ ದಿಕ್ಕಿನವಕ್ಕಿಂತ ಹೆಚ್ಚು ದೂರದವರೆಗೂ ಸ್ಥಿರವಾಗಿ ಉಳಿಯುತ್ತವೆ. ಫೀಬಿಗೆ ನಿಜವಾದ ಅಪಾಯವೆಂದರೆ ಡಿಕ್ಕಿ. ಆ ಹೊರವಲಯದಲ್ಲಿ ನೂರಾರು ಚಿಕ್ಕ ಚಂದ್ರಗಳು ಬೇರೆ ಬೇರೆ ಓರೆಯಲ್ಲಿ, ಕೆಲವು ಎದುರುಬದುರಾಗಿ ಸುತ್ತುತ್ತಿವೆ. 2025ರ ಮಾರ್ಚ್‌ನಲ್ಲಿ ಒಂದೇ ಬಾರಿಗೆ 128 ಹೊಸವು ಸೇರಿ ಶನಿಯ ಚಂದ್ರಗಳ ಎಣಿಕೆ 274 ಮುಟ್ಟಿತು. ಅವುಗಳಲ್ಲಿ ಬಹುಪಾಲು ಹಳೆಯ ಡಿಕ್ಕಿಗಳ ಚೂರುಗಳೆಂದೇ ತಿಳಿಯಲಾಗಿದೆ. ಫೀಬಿಯ ಮೈಮೇಲೆ ಸುಮಾರು 100 ಕಿ.ಮೀ. ಅಗಲದ ಜೇಸನ್ ಎಂಬ ಕುಳಿ ಇದೆ, ಫೀಬಿಯ ವ್ಯಾಸದ ಅರ್ಧದಷ್ಟು. ಅಂಥ ಏಟು ತಿಂದೂ ಅದು ಒಡೆಯದೆ ಉಳಿದಿದೆ.

ಈ ಏಟುಗಳಿಂದ ಎದ್ದ ಧೂಳೇ ಐಯಾಪೆಟಸ್ ಕಡೆಗೆ ಹೋಗುವುದು. 2009ರಲ್ಲಿ ಆನ್ ವರ್ಬಿಸ್ಸರ್, ಮೈಕೆಲ್ ಸ್ಕ್ರುಟ್ಸ್ಕಿ, ಡಗ್ಲಸ್ ಹ್ಯಾಮಿಲ್ಟನ್ ಮೂವರು ಸ್ಪಿಟ್ಜರ್ ಅವಗೆಂಪು ದೂರದರ್ಶಕದಿಂದ ಫೀಬಿಯ ಕಕ್ಷೆಯುದ್ದಕ್ಕೂ ಹರಡಿದ ಭಾರಿ ಧೂಳಿನ ಉಂಗುರವನ್ನು ಕಂಡರು. ಶನಿಯ ತ್ರಿಜ್ಯದ 100 ಪಟ್ಟಿನಿಂದ 270 ಪಟ್ಟಿನವರೆಗೂ ಅದು ಹರಡಿದೆ ಎಂದು ಮುಂದೆ ತಿಳಿಯಿತು. ಆದರೆ ಒಂದು ಘನ ಕಿಲೋಮೀಟರಿನಲ್ಲಿ ಸಿಗುವುದು ಹತ್ತಿಪ್ಪತ್ತು ಕಣ. ಅದು ನಿಮ್ಮ ದೂರದರ್ಶಕದಲ್ಲಿ ಕಾಣುವುದಿರಲಿ, ಅದರೊಳಗೆ ನಿಂತರೂ ಉಂಗುರವಿದೆ ಎಂದು ಗೊತ್ತಾಗದು. ಧೂಳಿನ ಕಣಗಳು ಬಿಸಿಲಿನ ಒತ್ತಡಕ್ಕೆ ವೇಗ ಕಳೆದುಕೊಂಡು ನಿಧಾನವಾಗಿ ಒಳಗೆ ಸುರುಳಿಯಾಗಿ ಇಳಿಯುತ್ತವೆ. ಕಣಗಳು ಬರುವುದು ಎದುರು ದಿಕ್ಕಿನಿಂದ, ಐಯಾಪೆಟಸ್ ಹೋಗುವುದು ನೇರ ದಿಕ್ಕಿನಲ್ಲಿ. ಮಳೆಯಲ್ಲಿ ಬೈಕ್ ಓಡಿಸುವವನ ಎದೆ ನೆನೆದು ಬೆನ್ನು ಒಣಗಿರುವಂತೆ, ಐಯಾಪೆಟಸ್‌ನ ಮುಂದಿನ ಮುಖಕ್ಕಷ್ಟೇ ಧೂಳು ಬಡಿಯುತ್ತದೆ. ಅದು ಯಾವಾಗಲೂ ಶನಿಗೆ ಒಂದೇ ಮುಖ ತೋರಿಸಿ ಸುತ್ತುವುದರಿಂದ ಮುಂದಿನ ಮುಖವೂ ಯಾವಾಗಲೂ ಅದೇ.

ಧೂಳು ಬಡಿದದ್ದು ಬರೀ ಆರಂಭ. ಕಪ್ಪಾದ ಜಾಗ ಬಿಸಿಲು ಹೀರಿ ತುಸು ಹೆಚ್ಚು ಬೆಚ್ಚಗಾಗುತ್ತದೆ. ಐಯಾಪೆಟಸ್‌ನ ಒಂದು ದಿನವೆಂದರೆ ನಮ್ಮ 79 ದಿನ, ಬಿಸಿಯೇರಲು ಬೇಕಾದಷ್ಟು ಹೊತ್ತು. ಅಲ್ಲಿನ ಮಂಜು ಆವಿಯಾಗಿ ತಣ್ಣಗಿರುವ ಹಿಂದಿನ ಮುಖದ ಮೇಲೂ ಧ್ರುವಗಳ ಮೇಲೂ ಕೂರುತ್ತದೆ. ಕಪ್ಪು ಇನ್ನಷ್ಟು ಕಪ್ಪಾಗುತ್ತದೆ, ಬಿಳಿ ಇನ್ನಷ್ಟು ಬಿಳಿಯಾಗುತ್ತದೆ. ಜಾನ್ ಸ್ಪೆನ್ಸರ್ ಮತ್ತು ಟಿಲ್ಮನ್ ಡೆಂಕ್ 2010ರಲ್ಲಿ ಈ ಲೆಕ್ಕವನ್ನು ವಿವರವಾಗಿ ಮಾಡಿ ತೋರಿಸಿದರು. ಫೀಬಿಯ ಬಣ್ಣ ಬೂದು, ಐಯಾಪೆಟಸ್‌ನ ಕಪ್ಪು ಭಾಗ ನಸುಗೆಂಪು, ಹಾಗಾಗಿ ಧೂಳೆಲ್ಲ ಫೀಬಿಯದೇ ಎನ್ನುವಂತಿಲ್ಲ. ಇತರ ಹೊರಚಂದ್ರಗಳ ಪಾಲೂ ಇದ್ದೀತು.

ನಿಮ್ಮ 8 ಇಂಚಿನ ಡಾಬ್ಸೋನಿಯನ್‌ಗೆ ಇದಕ್ಕಿಂತ ಒಳ್ಳೆಯ ಕೆಲಸ ಸಿಗಲಾರದು. 80 ದಿನ, ನಾಲ್ಕೈದು ದಿನಕ್ಕೊಮ್ಮೆ ಐಯಾಪೆಟಸ್ ನೋಡಿ ಅದರ ಬೆಳಕನ್ನು ಅಂದಾಜು ಮಾಡಿಸಿ. ಹೋಲಿಕೆಗೆ ಶನಿಯ ಬೇರೆ ಚಂದ್ರಗಳಿವೆ: ಟೈಟನ್ 8.4, ರಿಯಾ 9.8ರ ಸುತ್ತ, ಟೆಥಿಸ್ ಮತ್ತು ಡಯೋನಿ 10.3ರ ಸುತ್ತ. ಇವಕ್ಕಿಂತ ಮಸುಕಾದಾಗ ಅದೇ ನೋಟದಲ್ಲಿರುವ ನಕ್ಷತ್ರಗಳ ಕಾಂತಿಮಾನವನ್ನು ನಕ್ಷೆಯಿಂದ ತೆಗೆದುಕೊಳ್ಳಿ. ದಿಕ್ಕು ಗೊಂದಲವಾದರೆ ದೂರದರ್ಶಕವನ್ನು ಅಲುಗಿಸದೆ ಬಿಡಿ, ನಕ್ಷತ್ರಗಳು ನೋಟದಿಂದ ಜಾರಿಹೋಗುವ ಅಂಚೇ ಪಶ್ಚಿಮ. ಶನಿಯ ಪ್ರಖರತೆ ಕಣ್ಣು ಕುಕ್ಕುತ್ತಿದ್ದರೆ ಅದನ್ನು ನೋಟದ ಅಂಚಿನಿಂದ ಆಚೆಗೆ ಸರಿಸಿ ನೋಡಿ. ದಿನಾಂಕದ ಎದುರು ಕಾಂತಿಮಾನ ಗುರುತಿಸಿದರೆ ಏರಿಳಿತದ ಗೆರೆ ಮಕ್ಕಳ ಕೈಯಲ್ಲೇ ಮೂಡುತ್ತದೆ.

ಫೀಬಿಯ ಫೋಟೊ ತೆಗೆಯುವ ಬಗೆ

ಬೇಕಾದ್ದು: 150 ಮಿ.ಮೀ. ವ್ಯಾಸದ, 750 ಮಿ.ಮೀ. ನಾಭಿದೂರದ ನ್ಯೂಟೋನಿಯನ್ (ಕನ್ನಡಿಯ ದೂರದರ್ಶಕ), ಇಕ್ಯು-5 ದರ್ಜೆಯ ಮೋಟಾರ್ ಇರುವ ಮೌಂಟ್, ಸಾಮಾನ್ಯ ಡಿಎಸ್‌ಎಲ್‌ಆರ್. ಕ್ಯಾಮೆರಾದ ಪಿಕ್ಸೆಲ್ 3.7 ಮೈಕ್ರಾನ್ ಇದ್ದರೆ ಒಂದು ಪಿಕ್ಸೆಲ್‌ಗೆ ಒಂದು ಆರ್ಕ್‌ಸೆಕೆಂಡ್ (ಆರ್ಕ್‌ಮಿನಿಟ್‌ನ 60ನೇ ಒಂದು ಪಾಲು) ಬರುತ್ತದೆ, ಚಿತ್ರದ ಉದ್ದ 1.7 ಡಿಗ್ರಿ, ಅಗಲ 1.1 ಡಿಗ್ರಿ. ನಿಮ್ಮ ಡಾಬ್ಸೋನಿಯನ್‌ಗೇ ಕ್ಯಾಮೆರಾ ಹಾಕಿದರೆ ಸಾಲದೇ ಎಂದರೆ, ಸಾಲದು. ಅದು ಆಕಾಶದ ಜೊತೆ ತಿರುಗುವುದಿಲ್ಲ, ಎರಡು ಸೆಕೆಂಡಿನೊಳಗೇ ನಕ್ಷತ್ರಗಳು ಗೆರೆಯಾಗುತ್ತವೆ.

ನಮ್ಮ ಅಕ್ಷಾಂಶದಲ್ಲಿ ಒಂದು ತೊಡಕಿದೆ. ಕೊಳ್ಳುವ ಮೊದಲೇ ಅಂಗಡಿಯವರನ್ನು ಕೇಳಿ. ಚಿತ್ರದುರ್ಗ 14 ಡಿಗ್ರಿ ಉತ್ತರದಲ್ಲಿದೆ, ಮೌಂಟಿನ ಅಕ್ಷ ದಿಗಂತದಿಂದ 14 ಡಿಗ್ರಿಗಷ್ಟೇ ಏರಿರಬೇಕು. ಹೆಚ್ಚು ಅಕ್ಷಾಂಶದ ದೇಶಗಳಿಗಾಗಿ ಮಾಡಿದ ಎಷ್ಟೋ ಮೌಂಟ್‌ಗಳು ಇಷ್ಟು ತಗ್ಗುವುದಿಲ್ಲ, ತಗ್ಗಿದರೂ ತೂಕದ ಕಂಬಿ ಟ್ರೈಪಾಡಿನ ಕಾಲಿಗೆ ಬಡಿಯುತ್ತದೆ. ಕಂಬಿ ಇಳಿಯುವ ಕಡೆ ಕಾಲು ಬಾರದಂತೆ ಟ್ರೈಪಾಡ್ ತಿರುಗಿಸಿ, ತೂಕವನ್ನು ಕಂಬಿಯ ಮೇಲ್ಭಾಗಕ್ಕೆ ಸರಿಸಿದರೆ ಬಹಳಷ್ಟು ಸಲ ಸರಿಹೋಗುತ್ತದೆ. ಧ್ರುವ ನಕ್ಷತ್ರ ಮರಗಳ ಹಿಂದೆ ಅಥವಾ ಮಂಜಿನಲ್ಲಿ ಮರೆಯಾಗಿದ್ದರೆ ನಿನಾ ತಂತ್ರಾಂಶದ ಮೂರು ಬಿಂದುಗಳ ವಿಧಾನ ಬಳಸಿ, ಅದಕ್ಕೆ ಧ್ರುವ ನಕ್ಷತ್ರ ಕಾಣಬೇಕಿಲ್ಲ.

ಯಾವಾಗ? ಶನಿ ಸೂರ್ಯನಿಗೆ ನೇರ ಎದುರಾಗುವುದು 2026ರಲ್ಲಿ ಅಕ್ಟೋಬರ್ 4ರಂದು, 2027ರಲ್ಲಿ ಅಕ್ಟೋಬರ್ 18ರಂದು. 2026ರ ಮಹಾಲಯ ಅಮಾವಾಸ್ಯೆ ಅಕ್ಟೋಬರ್ 10ಕ್ಕೆ ಬೀಳುವುದರಿಂದ ಅದರ ಆಚೀಚೆಯ ರಾತ್ರಿಗಳು ಬೆಳದಿಂಗಳಿಲ್ಲದವು. ಆಗ ಹಿಂಗಾರು ಮೋಡ ಕಾಟ ಕೊಟ್ಟರೆ ದೀಪಾವಳಿಯ ಅಮಾವಾಸ್ಯೆಗೆ ಕಾಯಿರಿ, ಕಾಂತಿಮಾನದಲ್ಲಿ ಕಳೆದುಕೊಳ್ಳುವುದು ಅಲ್ಪ. ಪಟಾಕಿ ಹೊಗೆ ತುಂಬಿದ ರಾತ್ರಿಗಳನ್ನು ಮಾತ್ರ ಬಿಟ್ಟುಬಿಡಿ.

ಸ್ಥಾನಕ್ಕೆ ನಾಸಾದ ಜೆಪಿಎಲ್ ಹೊರೈಜನ್ಸ್ ಸೇವೆ ಬಳಸಿ. ಅಲ್ಲಿ ಫೀಬಿಯ ಸಂಖ್ಯೆ 609. ನಿಮ್ಮ ಊರಿನ ಅಕ್ಷಾಂಶ, ರೇಖಾಂಶ ಕೊಟ್ಟು ಗಂಟೆಗೊಂದರಂತೆ ಸ್ಥಾನ, ಚಲನೆಯ ವೇಗ, ಶನಿಯಿಂದ ಕೋನಾಂತರ ಪಡೆಯಿರಿ. ಕೋನಾಂತರ 20 ಆರ್ಕ್‌ಮಿನಿಟ್‌ಗಿಂತ ಕಡಿಮೆಯಿದ್ದರೆ ಆ ತಿಂಗಳು ಬಿಡಿ, ಶನಿಯ ಬೆಳಕು ಫೀಬಿಯದಕ್ಕಿಂತ 25 ಲಕ್ಷ ಪಟ್ಟು ಹೆಚ್ಚು. ಮೊಬೈಲ್ ಆ್ಯಪ್‌ಗಳು ತೋರಿಸುವ ಸ್ಥಾನವನ್ನು ಮಾತ್ರ ನೆಚ್ಚಿಕೊಳ್ಳಬೇಡಿ. ಹೊರಚಂದ್ರಗಳ ಕಕ್ಷೆಯನ್ನು ಸೂರ್ಯನ ಸೆಳೆತ ಸತತವಾಗಿ ಅಲುಗಿಸುತ್ತಿರುತ್ತದೆ, ಸರಳ ದೀರ್ಘವೃತ್ತದ ಲೆಕ್ಕ ದಾರಿ ತಪ್ಪಿಸುತ್ತದೆ.

ಚಿತ್ರದ ನಡುವೆ ಇರಬೇಕಾದ್ದು ಫೀಬಿ, ಶನಿಯಲ್ಲ. ಕನ್ನಡಿಯ ಆಧಾರದ ಕಡ್ಡಿಗಳಿಂದ ಶನಿಯ ಸುತ್ತ ನಾಲ್ಕು ಉದ್ದ ಕಿರಣಗಳು ಮೂಡುತ್ತವೆ. ಅವುಗಳಲ್ಲೊಂದು ಫೀಬಿಯ ಮೇಲೆ ಬಿದ್ದರೆ ದೂರದರ್ಶಕದ ಕೊಳವೆಯನ್ನೇ ಅದನ್ನು ಹಿಡಿದಿರುವ ಬಳೆಗಳೊಳಗೆ ತಿರುಗಿಸಿ. ಕ್ಯಾಮೆರಾ ಒಂದನ್ನೇ ತಿರುಗಿಸಿದರೆ ಪ್ರಯೋಜನವಿಲ್ಲ, ಕಿರಣಗಳು ಆಕಾಶದಲ್ಲಿ ಅಲ್ಲೇ ಇರುತ್ತವೆ. ಬಹ್ತಿನೋವ್ ಮುಸುಕು (ಫೋಕಸ್ ಸರಿಯಿದೆಯೇ ಎಂದು ತೋರಿಸುವ ಸೀಳುಗಳ ಮುಚ್ಚಳ) ಹಾಕಿ ಹೊಳೆಯುವ ನಕ್ಷತ್ರದ ಮೇಲೆ ಫೋಕಸ್ ಮಾಡಿ, ರಾತ್ರಿ ತಣ್ಣಗಾದಂತೆ ಅರ್ಧ ಗಂಟೆಗೊಮ್ಮೆ ಮತ್ತೆ ನೋಡಿ. ಐಎಸ್‌ಒ 1600, ರಾ ರೂಪ, 60 ಸೆಕೆಂಡಿನ 60 ಚಿತ್ರ. ಒಂಬತ್ತರಿಂದ ಹತ್ತರವರೆಗೆ ಒಂದು ಸರಣಿ, ಹನ್ನೊಂದರಿಂದ ಹನ್ನೆರಡರವರೆಗೆ ಇನ್ನೊಂದು. ಪ್ರತಿ ಐದಾರು ಚಿತ್ರಕ್ಕೊಮ್ಮೆ ದೂರದರ್ಶಕವನ್ನು ಹತ್ತಿಪ್ಪತ್ತು ಪಿಕ್ಸೆಲ್ ಅತ್ತಿತ್ತ ಸರಿಸಿ. ಕೊನೆಗೆ ಮುಚ್ಚಳ ಹಾಕಿ ಅದೇ ಅವಧಿಯ 20 ಕತ್ತಲೆ ಚಿತ್ರ.

ಇಲ್ಲಿಂದ ಮುಂದೆ ಹೆಚ್ಚಿನವರು ಎಡವುವ ಜಾಗ. ಶನಿ ಎದುರಾಗಿರುವ ದಿನಗಳಲ್ಲಿ ಅದು ನಕ್ಷತ್ರಗಳ ನಡುವೆ ಗಂಟೆಗೆ ಸುಮಾರು 11.5 ಆರ್ಕ್‌ಸೆಕೆಂಡ್ ಸರಿಯುತ್ತದೆ. ಫೀಬಿ ಶನಿಯನ್ನು ಸುತ್ತುವ ವೇಗ ಸೆಕೆಂಡಿಗೆ 1.7 ಕಿ.ಮೀ., ನಮ್ಮ ಆಕಾಶದಲ್ಲಿ ಗಂಟೆಗೆ ಹೆಚ್ಚೆಂದರೆ ಒಂದು ಆರ್ಕ್‌ಸೆಕೆಂಡ್. ಹಾಗಾಗಿ ಫೀಬಿ ಶನಿಯ ಜೊತೆ ಜೊತೆಗೇ ಜಾರುತ್ತದೆ. ಒಂದು ಗಂಟೆಯ 60 ಚಿತ್ರಗಳನ್ನೂ ನಕ್ಷತ್ರಗಳಿಗೆ ಹೊಂದಿಸಿ ಒಟ್ಟುಗೂಡಿಸಿದರೆ ಫೀಬಿ 11 ಪಿಕ್ಸೆಲ್ ಉದ್ದಕ್ಕೆ ಹರಡಿ ಹಿನ್ನೆಲೆಯಲ್ಲಿ ಕರಗುತ್ತದೆ. ಅದರ ಮೇಲೆ ಮೀಡಿಯನ್ (ಪ್ರತಿ ಪಿಕ್ಸೆಲ್‌ಗೂ ಎಲ್ಲ ಚಿತ್ರಗಳ ನಡುವಿನ ಬೆಲೆ ತೆಗೆದುಕೊಳ್ಳುವ) ವಿಧಾನ ಬಳಸಿದರೆ, ಒಂದೇ ಜಾಗದಲ್ಲಿ ನಿಲ್ಲದ ಚುಕ್ಕೆಯನ್ನು ತಂತ್ರಾಂಶವೇ ಅಳಿಸಿಹಾಕುತ್ತದೆ. ಚಿತ್ರ ಎಷ್ಟೇ ಚೆನ್ನಾಗಿದ್ದರೂ ಫೀಬಿ ಇರುವುದಿಲ್ಲ. ಆದ್ದರಿಂದ ಹತ್ತು ಹತ್ತು ಚಿತ್ರಗಳ ಆರು ಗುಂಪು ಮಾಡಿ, ಆ ಅವಧಿಯ ಸರಿತ ಎರಡೇ ಪಿಕ್ಸೆಲ್. ಗುಂಪುಗಳನ್ನು ಒಂದಾದ ಮೇಲೊಂದು ಮಿಟುಕಿಸಿ ನೋಡಿ. ಹತ್ತು ಚಿತ್ರಕ್ಕೆ ಚುಕ್ಕೆ ಎದ್ದು ಬರದಿದ್ದರೆ ಡೀಪ್‌ಸ್ಕೈಸ್ಟ್ಯಾಕರ್ ತಂತ್ರಾಂಶದ ಧೂಮಕೇತು ವಿಧಾನದಲ್ಲೋ ಆಸ್ಟ್ರೊಮೆಟ್ರಿಕಾ ತಂತ್ರಾಂಶದಲ್ಲೋ ಹೊರೈಜನ್ಸ್ ಕೊಟ್ಟ ವೇಗ ಮತ್ತು ದಿಕ್ಕಿನಲ್ಲಿ ಚಿತ್ರಗಳನ್ನು ಸರಿಸುತ್ತಾ 60ನ್ನೂ ಕೂಡಿಸಿ. ಆಗ ನಕ್ಷತ್ರಗಳು ಗೆರೆಯಾಗಿ ಫೀಬಿ ಚುಕ್ಕೆಯಾಗಿ ನಿಲ್ಲುತ್ತದೆ. 2025ರ 128 ಚಂದ್ರಗಳನ್ನು ಹವಾಯಿಯ 3.6 ಮೀಟರ್ ದೂರದರ್ಶಕದಿಂದ ಹೆಕ್ಕಿದ್ದೂ ಇದೇ ಉಪಾಯದಿಂದ.

ಚುಕ್ಕೆ ಸಿಕ್ಕಿತು ಎಂದ ಕೂಡಲೇ ನಂಬಬೇಡಿ, ಮೋಸ ಮಾಡುವಂಥವು ಎರಡಿವೆ. ಒಂದು, ಸೆನ್ಸರಿನ ಕೆಟ್ಟ ಪಿಕ್ಸೆಲ್. ಮೌಂಟ್ ಸ್ವಲ್ಪ ಜಾರುತ್ತಿದ್ದರೆ, ನಕ್ಷತ್ರಗಳಿಗೆ ಹೊಂದಿಸಿದ ಚಿತ್ರಗಳಲ್ಲಿ ಕೆಟ್ಟ ಪಿಕ್ಸೆಲ್ ನೇರ ಗೆರೆಯಲ್ಲಿ ನಡೆಯುವಂತೆ ಕಾಣುತ್ತದೆ, ಥೇಟ್ ಚಂದ್ರನ ಹಾಗೆಯೇ. ಕತ್ತಲೆ ಚಿತ್ರವೂ ದೂರದರ್ಶಕವನ್ನು ಅತ್ತಿತ್ತ ಸರಿಸುವುದೂ ಇದಕ್ಕೇ. ಇನ್ನೊಂದು, ಕ್ಷುದ್ರಗ್ರಹ. ಶನಿ ಇರುವ ದಾರಿಯಲ್ಲೇ ಅವು ದಟ್ಟ. ಆದರೆ ಮಂಗಳ ಮತ್ತು ಗುರುವಿನ ನಡುವಿನ ಪಟ್ಟಿಯ ಕ್ಷುದ್ರಗ್ರಹ ಸೂರ್ಯನಿಗೆ ಎದುರಿರುವಾಗ ಗಂಟೆಗೆ 35 ಆರ್ಕ್‌ಸೆಕೆಂಡಿನಷ್ಟು ಸರಿಯುತ್ತದೆ, ಫೀಬಿಯ ಮೂರು ಪಟ್ಟು. ವೇಗ ಅಳೆದರೆ ಸುಳ್ಳು ಬಯಲು. ನಿಮ್ಮ ಚಿತ್ರದಲ್ಲಿ ಹೊರೈಜನ್ಸ್ ಹೇಳದ ಚಲಿಸುವ ಚುಕ್ಕೆ ಸಿಕ್ಕರೆ ಅದು ಹೊಸ ಚಂದ್ರವಲ್ಲ, ಯಾವುದೋ ಕ್ಷುದ್ರಗ್ರಹ. ಇನ್ನೂ ಪತ್ತೆಯಾಗದ ಚಂದ್ರಗಳು ಈ ಕ್ಯಾಮೆರಾಗೆ ನಿಲುಕದಷ್ಟು ಮಸುಕು.

ಮರುದಿನ ಅದೇ ಜಾಗದ ಚಿತ್ರ ಮತ್ತೆ ತೆಗೆಯಿರಿ. ಫೀಬಿ ನಾಲ್ಕೂವರೆ ಆರ್ಕ್‌ಮಿನಿಟ್ ಸರಿದಿರಬೇಕು, ಹಿಂದಿನ ದಿನದ ಜಾಗ ಖಾಲಿ ಇರಬೇಕು. ಖಾಲಿ ಇಲ್ಲದಿದ್ದರೆ ಅದು ನಕ್ಷತ್ರ. ವಿಲಿಯಂ ಪಿಕರಿಂಗ್ 1899ರ ಮಾರ್ಚ್‌ನಲ್ಲಿ ಫೀಬಿಯನ್ನು ಕಂಡುಹಿಡಿದದ್ದು ಇಂಥದೇ ಹೋಲಿಕೆಯಿಂದ. ಪೆರುವಿನ ಅರೆಕ್ವಿಪಾದಲ್ಲಿ ಡಿಲೈಲ್ ಸ್ಟೀವರ್ಟ್ 1898ರ ಆಗಸ್ಟ್‌ನಲ್ಲಿ 24 ಇಂಚಿನ ಬ್ರೂಸ್ ದೂರದರ್ಶಕದಿಂದ ತೆಗೆದ ಗಾಜಿನ ಫಲಕಗಳಲ್ಲಿ, ನಕ್ಷತ್ರಗಳನ್ನು ಬಿಟ್ಟು ಶನಿಯ ಜೊತೆ ಸರಿಯುತ್ತಿದ್ದ ಒಂದು ಚುಕ್ಕೆಯನ್ನು ಅವರು ಕಂಡರು. ಫೋಟೊದಿಂದ ಪತ್ತೆಯಾದ ಮೊದಲ ಉಪಗ್ರಹ ಅದು.

ಊರಿನ ದೀಪದ ಬೆಳಕು ಹೆಚ್ಚಿದ್ದರೆ, ಅಥವಾ ಮೌಂಟಿಗೆ ಈ ವರ್ಷ ಹಣ ಹೊಂದದಿದ್ದರೆ, ಅಂತರ್ಜಾಲದಲ್ಲಿ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ದೂರದರ್ಶಕಗಳಿವೆ. ಒಂದು ಗಂಟೆಯ ಅಂತರದಲ್ಲಿ ಐದೈದು ನಿಮಿಷದ ಮೂರು ಚಿತ್ರ ತರಿಸಿದರೂ ಮಕ್ಕಳು ಅಳೆಯುವುದಕ್ಕೆ ಸಾಕು. ಅದರ ಕೊರತೆ ಏನೆಂದರೆ, ದೂರದರ್ಶಕವನ್ನು ಹೊಂದಿಸುವುದನ್ನು, ತಪ್ಪಿದರೆ ತಿದ್ದುವುದನ್ನು ಮಕ್ಕಳು ಕಲಿಯುವುದಿಲ್ಲ. ನನ್ನ ಒಲವು ಸ್ವಂತ ಮೌಂಟಿನ ಕಡೆಗೇ. ಮುಂದೆ ಧೂಮಕೇತು, ಕ್ಷುದ್ರಗ್ರಹ, ಮಿಣುಕುವ ನಕ್ಷತ್ರಗಳಿಗೂ ಅದು ಬೇಕಾಗುತ್ತದೆ.

ಅಳತೆಗಳು ಎರಡು ಮೂರು ರಾತ್ರಿ ಹೊರೈಜನ್ಸ್‌ಗೆ ಒಂದು ಆರ್ಕ್‌ಸೆಕೆಂಡಿನೊಳಗೆ ಕೂಡಿಬಂದರೆ ಇಂಥ ಅಳತೆಗಳನ್ನು ಸಂಗ್ರಹಿಸುವ ಅಂತರರಾಷ್ಟ್ರೀಯ ಕೇಂದ್ರವಾದ ಮೈನರ್ ಪ್ಲಾನೆಟ್ ಸೆಂಟರ್‌ಗೆ ಕಳಿಸುವ ಯೋಚನೆ ಮಾಡಬಹುದು. ಅದಕ್ಕೆ ಶಾಲೆಗೆ ವೀಕ್ಷಣಾ ಕೇಂದ್ರದ ಸಂಕೇತ ಬೇಕು, ಮೊದಲು ಗೊತ್ತಿರುವ ಕ್ಷುದ್ರಗ್ರಹಗಳ ಸ್ಥಾನಗಳನ್ನು ಅಳೆದು ಕಳಿಸಿದರೆ ಆ ಸಂಕೇತ ಸಿಗುತ್ತದೆ. ಕಂಪ್ಯೂಟರಿನ ಗಡಿಯಾರವನ್ನು ಅಂತರ್ಜಾಲದ ಸಮಯಕ್ಕೆ ಪ್ರತಿ ರಾತ್ರಿ ಹೊಂದಿಸಿ. ಡಿಎಸ್‌ಎಲ್‌ಆರ್‌ನ ಒಳಗಿನ ಗಡಿಯಾರ ನಿಮಿಷಗಟ್ಟಲೆ ತಪ್ಪಿರುವುದುಂಟು, ಐದು ನಿಮಿಷ ತಪ್ಪಿದರೆ ಫೀಬಿಯ ಸ್ಥಾನ ಒಂದು ಆರ್ಕ್‌ಸೆಕೆಂಡ್ ತಪ್ಪುತ್ತದೆ.